ಗದುಗಿನ ಗವಾಯಿಗಳು ಮತ್ತು ನಮ್ಮ ಲೈನಿನ ತಾತ

ಕಳೆದ ಡಿಸೆಂಬರ್ ರಜೆಯಲ್ಲಿ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ ಹತ್ತಿರ ಒಂದು ಗೂಡ್ಸ್ ಆಟೋ ನಿಂತಿತ್ತು. ಅದರ ಮೇಲೆ ಎರಡು ದೊಡ್ಡ ಸ್ಪೀಕರ್, ಒಂದು ಕೀಬೋರ್ಡ್, ಒಂದು ರಿದಂ ಪ್ಯಾಡ್. ಹಾಡುವವರು, ಬಾರಿಸುವವರು ಸೇರಿ ನಾಲ್ಕು ಜನ. ನಾಲ್ವರಿಗೂ ಕಣ್ಣು ಕಾಣದು. ಮಾರ್ಕೆಟ್‌ಗೆ ಬಂದವರು ಡಬ್ಬಿಗೆ ಹತ್ತೋ ಇಪ್ಪತ್ತೋ ಹಾಕಿ ಮುಂದೆ ಹೋಗುತ್ತಿದ್ದರು. ನಾನೂ ಅಮ್ಮಿ ಕೊಟ್ಟಿದ್ದ ಹತ್ತು ರೂಪಾಯಿ ಹಾಕಿ ಹೊರಟಿದ್ದೆ. ಅಷ್ಟರಲ್ಲಿ ಅವರು ನೀರು ಕುಡಿಯಲು ಹಾಡು ನಿಲ್ಲಿಸಿದರು. ಇಷ್ಟು ಚೆನ್ನಾಗಿ ಹಾಡುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ. ಅವರಲ್ಲಿ ಹಿರಿಯರಾದವರು ಗದುಗಿನ ವೀರೇಶ್ವರ ಪುಣ್ಯಾಶ್ರಮ ಎಂದು ಹೇಳಿ, ಪಂಚಾಕ್ಷರಿ ಗವಾಯಿಗಳ ಹೆಸರು ಹೇಳುವಾಗ ಮೈಕ್ ಹಿಡಿದ ಕೈಯನ್ನೇ ಎದೆಗೆ ಒತ್ತಿಕೊಂಡರು.

ನನಗೆ ಆ ಹೆಸರು ಗೊತ್ತಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಿಲ್ಲ. ನಮ್ಮ ಊರಿಗಾಂನಲ್ಲಿ ಮನೆಯೊಳಗೆ ಉರ್ದು, ಬೀದಿಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ. ಗದಗ ನಮಗೆ ನಕ್ಷೆಯ ಮೇಲಿನ ಊರು. ಕನ್ನಡ ಮೇಡಂ ಮಾತ್ರ ಆಶ್ಚರ್ಯಪಟ್ಟರು. ಅವರ ಕುರಿತು 1995ರಲ್ಲಿ ಸಿನಿಮಾ ಬಂದಿದೆ, ಅದರ ಸಂಗೀತಕ್ಕೆ ಹಂಸಲೇಖ ಅವರಿಗೂ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿದೆ ಎಂದು ಹೇಳಿ, ಈ ಸಂಚಿಕೆಗೆ ಗವಾಯಿಗಳ ಬಗ್ಗೆಯೇ ಬರೆ ಎಂದರು. ಓದುತ್ತಾ ಹೋದಂತೆ ನನಗೆ ನಮ್ಮ ಲೈನಿನ ತಾತ ಪದೇ ಪದೇ ನೆನಪಾದರು. ಹಾಗಾಗಿ ಇಬ್ಬರೂ ಈ ಬರಹದಲ್ಲಿ ಬರುತ್ತಾರೆ.

ಮೊದಲು ತಾತನ ವಿಷಯ. ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಗೆಳತಿಯರು ಐದಾರು ಜನ ಭಾನುವಾರ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳಿಗೆ ಹೋಗುತ್ತೇವೆ. ಒಂಟಿಯಾಗಿರುವ ಹಿರಿಯರು, ನಡೆಯಲಾಗದವರು, ಕಣ್ಣು ಕಾಣದವರು ಅಲ್ಲಿ ಬಹಳ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ಕೆಲವರು ಅಲ್ಲೇ ಉಳಿದುಬಿಟ್ಟಿದ್ದಾರೆ. ನಾವು ಮಾಡುವುದು ದೊಡ್ಡ ಸೇವೆಯೇನಲ್ಲ. ಪಿಂಚಣಿ ಅರ್ಜಿ ತುಂಬುವುದು, ಅಂಗವಿಕಲರ ಗುರುತಿನ ಕಾರ್ಡಿಗೆ ಬೇಕಾದ ಕಾಗದ ಜೋಡಿಸುವುದು, ಕಚೇರಿಗೆ ಜೊತೆಗೆ ಹೋಗಿ ಅವರ ಪರವಾಗಿ ಮಾತನಾಡುವುದು, ಇಷ್ಟೇ.

ತಾತ ಚಾಂಪಿಯನ್ ರೀಫ್‌ನಲ್ಲಿ ಬಂಡೆ ಕೊರೆಯುವ ಯಂತ್ರದ ಮೇಲೆ ಕೆಲಸ ಮಾಡಿದವರು. ಈಗ ಎರಡೂ ಕಣ್ಣು ಕಾಣದು. ನನ್ನನ್ನು ಅವರು ಕರೆಯುವುದೇ ಕಣ್ಣು ಎಂದು. ತಮಿಳು ಮನೆಗಳಲ್ಲಿ ಮಕ್ಕಳನ್ನು ಹಾಗೆ ಕರೆಯುವ ರೂಢಿ. ಅವರ ಪಿಂಚಣಿ ನಿಂತುಹೋಗಿತ್ತು. ಗುರುತು ದೃಢಪಡಿಸಬೇಕು ಎಂದರು. ಬೆರಳು ಇಟ್ಟರೆ ಯಂತ್ರ ಒಪ್ಪಲಿಲ್ಲ, ಏಕೆಂದರೆ ಕೊರೆಯುವ ಯಂತ್ರ ಹಿಡಿದೂ ಹಿಡಿದೂ ಬೆರಳಿನ ಗೆರೆಗಳೇ ಸವೆದಿವೆ. ಹಾಗಾದರೆ ಕಣ್ಣು ತೋರಿಸಿ ಎಂದರು! ಇಲ್ಲಿ ಒಂದು ಮಾತು ನೆನಪಾಗುತ್ತದೆ. 1930ರ ಏಪ್ರಿಲ್‌ನಲ್ಲಿ ಇದೇ ಊರಿನ ಗಣಿ ಕಾರ್ಮಿಕರು ತಮ್ಮ ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳುವ ಹೊಸ ನಿಯಮದ ವಿರುದ್ಧ ಮೂರು ವಾರ ಮುಷ್ಕರ ಹೂಡಿದ್ದರು. ಅಂದು ಹೆಬ್ಬೆಟ್ಟು ಕೊಡುವುದಿಲ್ಲ ಎಂದು ಜಗಳ, ಇಂದು ಕೊಡಲು ಹೆಬ್ಬೆಟ್ಟೇ ಇಲ್ಲ ಎಂದು ಅಲೆದಾಟ.

ಈಗ ಗವಾಯಿಗಳ ಕಥೆಗೆ ಬರುತ್ತೇನೆ.

ಅವರು ಹುಟ್ಟಿದ್ದು 1892ರ ಫೆಬ್ರವರಿ 2ರಂದು, ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಇಂದಿನ ಹಾವೇರಿ ಜಿಲ್ಲೆ, ಅಂದಿನ ಧಾರವಾಡ ಜಿಲ್ಲೆ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮನೆಯಲ್ಲಿ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿಲ್ಲ. ಅಣ್ಣ ಗುರುಬಸಯ್ಯನಿಗೂ ಇಲ್ಲ. ಒಂದೇ ಮನೆಯಲ್ಲಿ ಇಬ್ಬರು ಗಂಡುಮಕ್ಕಳು ಹೀಗೆ ಹುಟ್ಟಿದರೆ ಆ ಕಾಲದ ಹಳ್ಳಿಯಲ್ಲಿ ತಾಯಿ ತಂದೆಗೆ ಜನ ಏನೆಲ್ಲ ಹೇಳಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ನಮ್ಮ ಕೆಜಿಎಫ್‌ಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದಾಗ ಗದಿಗೆಯ್ಯನಿಗೆ ಹತ್ತು ವರ್ಷ.

ಆ ಹೊತ್ತಿಗೆ ಕಣ್ಣಿಲ್ಲದವರಿಗೆ ಭಾರತದಲ್ಲಿ ಶಾಲೆಗಳು ಬೆರಳೆಣಿಕೆಯಷ್ಟು. ಮೊದಲನೆಯದು ಅಮೃತಸರದಲ್ಲಿ 1887ರಲ್ಲಿ ತೆರೆದಿತ್ತು. ಹಾನಗಲ್ಲಿನ ಹಳ್ಳಿಗೆ ಅದು ಯಾವ ಲೆಕ್ಕಕ್ಕೂ ಇಲ್ಲ. ಕಣ್ಣಿಲ್ಲದ ಬಡ ಹುಡುಗನ ಮುಂದೆ ಇದ್ದದ್ದು ಜಾತ್ರೆಯ ಬಯಲು ಮತ್ತು ಗುಡಿಯ ಬಾಗಿಲು. ಕಂಠವಿದ್ದರೆ ಹಾಡಿ ಬೇಡುವುದು, ಇಲ್ಲದಿದ್ದರೆ ಬರೀ ಬೇಡುವುದು. ಅಣ್ಣತಮ್ಮಂದಿರಿಬ್ಬರಿಗೂ ಕಂಠವಿತ್ತು. ಅವರ ಹಾಡು ಹಾನಗಲ್ಲಿನ ಕುಮಾರ ಸ್ವಾಮಿಗಳ ಕಿವಿಗೆ ಬಿತ್ತು.

ಕುಮಾರ ಸ್ವಾಮಿಗಳು ಮಠದವರು. 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರ ಸ್ಥಾಪಿಸಿದವರು ಅವರೇ. ಅವರು ಇಬ್ಬರು ಹುಡುಗರನ್ನೂ ಕರೆದುಕೊಂಡು ಹೋಗಿ ಸಂಗೀತ ಕಲಿಸಲು ಏರ್ಪಾಡು ಮಾಡಿದರು. ನನಗೆ ಇಲ್ಲಿ ಮುಖ್ಯವೆನಿಸುವುದು ಒಂದೇ. ಅವರು ಹುಡುಗರಿಗೆ ಊಟ ಹಾಕಿ ಮೂಲೆಯಲ್ಲಿ ಕೂರಿಸಬಹುದಿತ್ತು. ಅದನ್ನು ಮಾಡಿದ್ದರೂ ಜನ ಹೊಗಳುತ್ತಿದ್ದರು. ಅವರು ಕಲಿಕೆಗೆ ಹಚ್ಚಿದರು. ಅಣ್ಣ ಗುರುಬಸಯ್ಯ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಗದಿಗೆಯ್ಯ ಒಬ್ಬನೇ ಉಳಿದ. ಅವನನ್ನು ಮೈಸೂರಿಗೆ ಕಳುಹಿಸಿದರು. ಅಲ್ಲಿ ನಾಲ್ಕು ವರ್ಷ ಕರ್ನಾಟಕ ಸಂಗೀತದ ಕಲಿಕೆ. ಕಣ್ಣಿಲ್ಲದ ಹಳ್ಳಿ ಹುಡುಗ, ಗುರುತು ಪರಿಚಯವಿಲ್ಲದ ಊರು, ನಾಲ್ಕು ವರ್ಷ! ನಾವು ಬಂಗಾರಪೇಟೆಯಲ್ಲಿ ರೈಲು ಬದಲಾಯಿಸುವುದಕ್ಕೇ ಮನೆಗೆ ಎರಡು ಸಲ ಫೋನ್ ಮಾಡುತ್ತೇವೆ.

ಮೈಸೂರಿನಿಂದ ಬಂದ ಮೇಲೆ ಅವರ ಹೆಸರು ಪಂಚಾಕ್ಷರಿ ಗವಾಯಿ ಎಂದೇ ಆಯಿತು. ಗವಾಯಿ ಎಂದರೆ ಹಾಡುಗಾರ. ಆದರೆ ಕಲಿಕೆ ಮುಗಿಯಲಿಲ್ಲ. ಉತ್ತರ ಕರ್ನಾಟಕದಲ್ಲಿ ಹಿಂದೂಸ್ತಾನಿ ಸಂಗೀತದ ಗಾಳಿ ಬೀಸುತ್ತಿದ್ದ ಕಾಲ ಅದು. ಅದನ್ನು ಕಲಿಸಲು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನ್ ಅವರು ಬಂದರು. ಈ ಉಸ್ತಾದರ ಬಗ್ಗೆ ನಮ್ಮ ಓದುಗರಿಗೆ ಸ್ವಲ್ಪ ಹೇಳಲೇಬೇಕು. ಒಂದೊಂದು ರಾಗವನ್ನು ಗಂಟೆಗಟ್ಟಲೆ, ಒಂದೊಂದೇ ಸ್ವರ ಬಿಡಿಸುತ್ತಾ ಹಾಡುವ ನಿಧಾನದ ಶೈಲಿಗೆ ಅವರು ಪ್ರಸಿದ್ಧರು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಸಂಗೀತ ಲೋಕ ಅವರನ್ನು ಬೆಹರೆ ವಹೀದ್ ಖಾನ್ ಎಂದೇ ಗುರುತಿಸುತ್ತಿತ್ತು. ಬೆಹರಾ ಎಂದರೆ ಏನೆಂದು ನಮ್ಮ ಕಾಲೇಜಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಿವಿ ಮಂದವಾದ ಮುಸ್ಲಿಂ ಉಸ್ತಾದ್, ಕಣ್ಣಿಲ್ಲದ ಲಿಂಗಾಯತ ಶಿಷ್ಯ, ಹಣದ ಹೊಣೆ ಹೊತ್ತ ಮಠದ ಸ್ವಾಮಿಗಳು. ಇವರು ಮೂವರೂ ಇದನ್ನೊಂದು ವಿಶೇಷವೆಂದು ಭಾವಿಸಿರಲಿಕ್ಕಿಲ್ಲ. ಕಲಿಸುವವರು ಕಲಿಸಿದರು, ಕಲಿಯುವವರು ಕಲಿತರು. ಎರಡೂ ಪದ್ಧತಿಗಳಲ್ಲಿ ಪಳಗಿದ್ದರಿಂದ ಗವಾಯಿಗಳಿಗೆ ಉಭಯಗಾನ ವಿಶಾರದ ಎಂಬ ಬಿರುದು ಬಂತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವರೊಬ್ಬ ದೊಡ್ಡ ಗಾಯಕರಾಗಿ ಉಳಿಯುತ್ತಿದ್ದರು. ಮೈಸೂರಿನಂಥ ದರ್ಬಾರುಗಳಿದ್ದವು, ಮೆಹಫಿಲ್‌ಗಳಿದ್ದವು, ಗ್ರಾಮಫೋನ್ ಕಂಪನಿಗಳು ಬಂದಿದ್ದವು. ಅವರು ಆ ದಾರಿ ಹಿಡಿಯಲಿಲ್ಲ. ತನಗೆ ಸಿಕ್ಕಿದ್ದು ತನ್ನಂಥ ಇತರರಿಗೂ ಸಿಗಬೇಕು ಎಂದು ಮದುವೆಯಾಗದೆ ಉಳಿದು, ಕಣ್ಣಿಲ್ಲದ ಹುಡುಗರನ್ನೂ ಅನಾಥರನ್ನೂ ಸೇರಿಸಿಕೊಂಡು ಸಂಗೀತ ಪಾಠಶಾಲೆ ನಡೆಸತೊಡಗಿದರು. ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಊರಿಂದ ಊರಿಗೆ ಸಂಚರಿಸುವ ಶಾಲೆ ಅದು. ಯಾವ ಊರಿನಲ್ಲಿ ಅನ್ನ ಸಿಗುತ್ತದೋ ಅಲ್ಲಿ ಪಾಠ.

ಕಣ್ಣಿಲ್ಲದ ಹುಡುಗರ ದಂಡು ಕಟ್ಟಿಕೊಂಡು ಕಣ್ಣಿಲ್ಲದ ಗುರು ಊರೂರು ತಿರುಗುವುದೆಂದರೇನು ಎಂದು ಒಂದು ನಿಮಿಷ ಯೋಚಿಸಿ. ಎತ್ತಿನ ಗಾಡಿ, ಮಳೆ, ಕೆಸರು, ಕಾಯಿಲೆ. ಕಲಿಯುವವರಿಂದ ಶುಲ್ಕವಿಲ್ಲ. ಅನ್ನ, ಬಟ್ಟೆ, ವಾದ್ಯ ಎಲ್ಲಕ್ಕೂ ಜನರ ಮುಂದೆ ಕೈ ಚಾಚಬೇಕು. ಗವಾಯಿಗಳು ಚಾಚಿದರು. ತನಗಾಗಿ ಬೇಡುವುದಕ್ಕೂ ಇನ್ನೊಬ್ಬರಿಗಾಗಿ ಬೇಡುವುದಕ್ಕೂ ವ್ಯತ್ಯಾಸವಿದೆ ಎಂದು ನಾನು ಓದಿದ್ದೆ, ನಂಬಿರಲಿಲ್ಲ. ಪಿಂಚಣಿ ಕಚೇರಿಯಲ್ಲಿ ನಿಂತ ಮೇಲೆ ನಂಬಿದೆ. ನನ್ನ ಸ್ವಂತ ಕೆಲಸಕ್ಕಾದರೆ ಎರಡನೆಯ ಸಲ ಹೋಗಲು ಮುಜುಗರಪಡುವ ನಾನು ತಾತನಿಗಾಗಿ ನಾಲ್ಕು ಸಲ ಹೋದೆ.

ಬೇಡುವುದರಿಂದ ಮಾತ್ರ ಶಾಲೆ ನಡೆಯದು ಎಂದು ಗವಾಯಿಗಳಿಗೆ ಬೇಗನೆ ಗೊತ್ತಾಯಿತು. ಅವರು ನಾಟಕ ಕಂಪನಿ ಕಟ್ಟಿದರು. ಆಗ ಉತ್ತರ ಕರ್ನಾಟಕದಲ್ಲಿ ಕಂಪನಿ ನಾಟಕವೆಂದರೆ ಈಗಿನ ಸಿನಿಮಾ ಇದ್ದಂತೆ. ಟಿಕೆಟ್ ಹಣ ಬರುತ್ತದೆ, ಹುಡುಗರು ಹಾಡುತ್ತಾರೆ, ಬಾರಿಸುತ್ತಾರೆ, ಊಟ ತಮ್ಮದೇ ದುಡಿಮೆಯದು ಎನಿಸುತ್ತದೆ. ಇದು ಬಹಳ ಜಾಣತನದ ಕೆಲಸವೆಂದು ನನ್ನ ಅಭಿಪ್ರಾಯ. ದಾನ ಕೊಡುವವನು ಇವತ್ತು ಕೊಟ್ಟು ನಾಳೆ ಮರೆಯಬಹುದು. ಟಿಕೆಟ್ ಕೊಂಡವನು ಹಾಡು ಚೆನ್ನಾಗಿಲ್ಲದಿದ್ದರೆ ಬೈಯುತ್ತಾನೆ, ಚೆನ್ನಾಗಿದ್ದರೆ ಮತ್ತೆ ಬರುತ್ತಾನೆ. ಕಣ್ಣಿಲ್ಲದ ಹುಡುಗನನ್ನು ಅವನು ಹಾಡುಗಾರನೆಂದೇ ನೋಡುತ್ತಾನೆ.

ಕಂಪನಿ ಲಾಭದಲ್ಲೇ ನಡೆಯಿತು ಎಂದೇನೂ ಅಲ್ಲ. ನಷ್ಟದ ದಿನಗಳೂ ಬಂದವು. 1930ರಲ್ಲಿ ಕುಮಾರ ಸ್ವಾಮಿಗಳು ತೀರಿಕೊಂಡರು. ಬೆನ್ನ ಹಿಂದಿದ್ದ ಆಸರೆ ಹೋಯಿತು. ಶಾಲೆ ನಿಲ್ಲಲಿಲ್ಲ.

ಪಾಠ ಹೇಗಿತ್ತು? ಇಂದಿನ ಭಾರತಿ ಬ್ರೈಲ್ ಲಿಪಿ ರೂಪುಗೊಂಡದ್ದು 1951ರಲ್ಲಿ, ಗವಾಯಿಗಳು ತೀರಿಹೋಗಿ ಏಳು ವರ್ಷದ ನಂತರ. ಹಾಗಾಗಿ ಎಲ್ಲವೂ ಕಿವಿಯಿಂದ ಕಿವಿಗೆ, ಕೈಯಿಂದ ಕೈಗೆ. ಗುರು ಹಾಡಿದ್ದನ್ನು ಕೇಳಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹೀಗೆ ಕಲಿತವರಲ್ಲಿ ಒಬ್ಬ ಹುಡುಗ ಪುಟ್ಟಯ್ಯ. 1914ರ ಮಾರ್ಚ್ 3ರಂದು ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿ, ಹಾಲು ಕುಡಿಯುವ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡವನು. ಸೋದರಮಾವ ತಂದು ಗವಾಯಿಗಳಿಗೆ ಒಪ್ಪಿಸಿದರು. ಅವನೇ ಮುಂದೆ ಪುಟ್ಟರಾಜ ಗವಾಯಿಗಳಾದರು. ಹಾಡಿನ ಜೊತೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಮುಂತಾಗಿ ಅನೇಕ ವಾದ್ಯ ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಪುಸ್ತಕ ಬರೆದರು.

ಇನ್ನೊಬ್ಬ ಶಿಷ್ಯರು ಬಸವರಾಜ ರಾಜಗುರು. ಇವರಿಗೆ ಕಣ್ಣಿತ್ತು. ಗವಾಯಿಗಳ ಶಾಲೆಯಲ್ಲಿ ಕಾಣುವವರೂ ಕಾಣದವರೂ ಒಟ್ಟಿಗೆ ಕಲಿತರು ಎಂಬುದನ್ನೂ ಗಮನಿಸಬೇಕು. ವಿಜಯನಗರ ಸಾಮ್ರಾಜ್ಯ ಸ್ಥಾಪನೆಯಾಗಿ 600 ವರ್ಷವಾದಾಗ, 1936ರಲ್ಲಿ, ಹಂಪಿಯಲ್ಲಿ ದೊಡ್ಡ ಉತ್ಸವ ನಡೆಯಿತು. ರಾಜಗುರು ಅವರು ಮೊದಲ ಬಾರಿಗೆ ಅಷ್ಟು ದೊಡ್ಡ ಜನಸ್ತೋಮದ ಮುಂದೆ ಹಾಡಿದ್ದು ಅಲ್ಲಿ. ವಯಸ್ಸು ಇನ್ನೂ ಇಪ್ಪತ್ತಾಗಿರಲಿಲ್ಲ. ಆ ದಿನ ತಬಲಾ ಬಾರಿಸಿದವರು ಯಾರು ಗೊತ್ತೇ? ಸ್ವತಃ ಪಂಚಾಕ್ಷರಿ ಗವಾಯಿಗಳು. ಗುರುವೇ ಪಕ್ಕಕ್ಕೆ ಸರಿದು, ಶಿಷ್ಯನ ಹಾಡಿಗೆ ತಾಳ ಹಿಡಿದು ಕೂತರು.

ಈ ಸಂಗತಿ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ತಾತನ ಜೊತೆ ಮೊದಲ ಸಲ ಕಚೇರಿಗೆ ಹೋದದ್ದು ನೆನಪಾಯಿತು. ಕೌಂಟರಿನವರು ಎಲ್ಲವನ್ನೂ ನನ್ನನ್ನೇ ಕೇಳಿದರು. ಇವರ ವಯಸ್ಸೆಷ್ಟು, ಮಕ್ಕಳಿದ್ದಾರೆಯೇ, ಎಷ್ಟು ವರ್ಷದಿಂದ ಕಣ್ಣಿಲ್ಲ. ನಾನೂ ಗಿಣಿಯ ಹಾಗೆ ಎಲ್ಲದಕ್ಕೂ ಉತ್ತರಿಸಿದೆ. ಅರ್ಜಿ ಚೆನ್ನಾಗಿ ಬರೆದಿದ್ದೇನೆ, ಚೆನ್ನಾಗಿ ಮಾತನಾಡಿದೆ ಎಂದು ಒಳಗೊಳಗೇ ಖುಷಿ. ತಾತ ನನ್ನ ಹಿಂದೆ ಕೋಲು ಹಿಡಿದು ನಿಂತಿದ್ದರು. ವಾಪಸು ಬರುವಾಗ ಆಟೋದಲ್ಲಿ ಅವರು ಮೆಲ್ಲಗೆ, ಹೋಗಿರುವುದು ಕಣ್ಣು ಮಾತ್ರ, ಕಿವಿಯೂ ನಾಲಿಗೆಯೂ ಇನ್ನೂ ಇವೆ ಎಂದರು. ಕೋಪವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಇನ್ನೂ ಒಂದು ತಪ್ಪು ಮಾಡಿದ್ದೆ. ಅರ್ಜಿಯಲ್ಲಿ ವಯಸ್ಸು ಎರಡು ವರ್ಷ ಕಡಿಮೆ ಬರೆದಿದ್ದೆ. ಅವರನ್ನೇ ಕೇಳಿದ್ದರೆ ಸರಿಯಾಗಿ ಹೇಳುತ್ತಿದ್ದರು. ಎರಡನೆಯ ಸಲ ಹೋಗಬೇಕಾಗಿ ಬಂದದ್ದು ನನ್ನ ಆ ತಪ್ಪಿನಿಂದಲೇ.

ಗವಾಯಿಗಳ ಶಾಲೆ ಕೊನೆಗೆ ಗದುಗಿನಲ್ಲಿ ನೆಲೆ ನಿಂತಿತು. ಬಸರಿಗಿಡದ ವೀರಪ್ಪ ಎಂಬ ದಾನಿ ನೆರವಾದರು, ವೀರೇಶ್ವರ ಪುಣ್ಯಾಶ್ರಮ ಅಲ್ಲಿ ಬೆಳೆಯಿತು. ಆದರೆ ಗವಾಯಿಗಳು ಆ ನೆಲೆಯಲ್ಲಿ ಬಹಳ ಕಾಲ ಇರಲಿಲ್ಲ. 1944ರ ಜೂನ್ 11ರಂದು, 52ನೇ ವಯಸ್ಸಿಗೆ ತೀರಿಕೊಂಡರು. ಹೊಣೆ ಪುಟ್ಟರಾಜರಿಗೆ ಬಂತು. ಆಗ ಅವರಿಗೆ ಮೂವತ್ತು ವರ್ಷ. ಅಲ್ಲಿಂದ 2010ರ ಸೆಪ್ಟೆಂಬರ್‌ವರೆಗೆ, 66 ವರ್ಷ, ಅವರೇ ನಡೆಸಿದರು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯದಲ್ಲಿ ತೂಗುತ್ತಿದ್ದರು, ಆ ಹಣ ಮಕ್ಕಳ ಅನ್ನಕ್ಕೆ ಹೋಗುತ್ತಿತ್ತು. ಇಂದು ದೇಶವೆಲ್ಲ ಕೇಳುವ ಎಂ. ವೆಂಕಟೇಶ್ ಕುಮಾರ್ ಅವರು ಹನ್ನೆರಡು ವರ್ಷ ಅಲ್ಲೇ ಇದ್ದು ಕಲಿತವರು.

ಹೊಗಳುವುದಷ್ಟೇ ಆದರೆ ಈ ಬರಹ ಅರ್ಧವಾಗುತ್ತದೆ. ನನಗೆ ಎರಡು ಪ್ರಶ್ನೆಗಳಿವೆ. ಊರೂರು ತಿರುಗುವ ಆ ಶಾಲೆಗೆ ಅಂದಿನ ಕಾಲದಲ್ಲಿ ಕಣ್ಣಿಲ್ಲದ ಒಬ್ಬ ಹುಡುಗಿ ಹೇಗೆ ಸೇರುತ್ತಿದ್ದಳು? ಹಾಡು ಬಾರದವನ ಗತಿ ಏನು? ಎಲ್ಲ ಕುರುಡರಿಗೂ ಕಂಠವಿರುವುದಿಲ್ಲ, ನಮ್ಮ ತಾತನಿಗಂತೂ ಖಂಡಿತ ಇಲ್ಲ. (ಕುರುಡ ಎಂದು ಬರೆಯಬೇಡ, ದೃಷ್ಟಿ ವಿಶೇಷಚೇತನ ಎನ್ನಬೇಕು ಎಂದು ಗೆಳತಿ ತಿದ್ದಿದಳು. ತಾತನನ್ನು ಕೇಳಿದೆ. ಹೆಸರು ಹಿಡಿದು ಕರೆದರೆ ಸಾಕು ಎಂದು ನಕ್ಕರು.) ಒಬ್ಬ ಮನುಷ್ಯನ ದೊಡ್ಡತನದಿಂದ ಕೆಲವರ ಬದುಕು ಬದಲಾಗುತ್ತದೆ. ಉಳಿದವರಿಗೆ ಕಾನೂನು ಬೇಕು. ಗವಾಯಿಗಳ ಕಾಲದಲ್ಲಿ ಅಂಥ ಕಾನೂನು ಇರಲಿಲ್ಲ. ಅಂಗವಿಕಲರ ಹಕ್ಕುಗಳಿಗಾಗಿ ಸಂಸತ್ತು ಮೊದಲ ಕಾಯ್ದೆ ಮಾಡಿದ್ದು 1995ರಲ್ಲಿ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ವಯಸ್ಸಾದ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರ ಕಾಯ್ದೆ ಇದೆ. ಹಿರಿಯರ ಸಹಾಯವಾಣಿ 14567ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು. ಆದರೂ ಕಾನೂನಿನ ಪುಸ್ತಕ ಲೈನ್ ಮನೆಯ ಬಾಗಿಲಿಗೆ ತಾನಾಗಿ ನಡೆದು ಬರುವುದಿಲ್ಲ. ಜೊತೆಗೆ ಹೋಗುವ ಒಬ್ಬರು ಬೇಕೇ ಬೇಕು.

ಮಾರ್ಕೆಟ್‌ನಲ್ಲಿ ಹಾಡುತ್ತಿದ್ದ ಆ ನಾಲ್ವರ ಬಗ್ಗೆಯೂ ನನಗೆ ಅನುಮಾನವಿತ್ತು. ನೂರು ವರ್ಷದ ಮೇಲೂ ಡಬ್ಬಿ ಹಿಡಿದು ಬೀದಿಯಲ್ಲೇ ನಿಂತಿದ್ದಾರಲ್ಲ, ಏನು ಬದಲಾಯಿತು ಎಂದು. ಇದನ್ನು ಸ್ವಲ್ಪ ಸುತ್ತಿಬಳಸಿ ಕೇಳಿಯೂ ಕೇಳಿದೆ. ಅವರಿಗೆ ಅರ್ಥವಾಯಿತು. ಆಟೋ ಬಾಡಿಗೆ, ಡೀಸೆಲ್, ಲಾಡ್ಜ್ ಖರ್ಚು ಕಳೆದು ಉಳಿದದ್ದನ್ನು ನಾಲ್ವರೂ ಸಮವಾಗಿ ಹಂಚಿಕೊಳ್ಳುತ್ತೇವೆ, ಮದುವೆ ಸೀಸನ್‌ನಲ್ಲಿ ಕಾರ್ಯಕ್ರಮಗಳಿರುತ್ತವೆ, ಮಗಳು ಡಿಗ್ರಿ ಓದುತ್ತಿದ್ದಾಳೆ ಎಂದು ಹಿರಿಯರು ಹೇಳಿದರು. ಆಮೇಲೆ ಮುಂದಿನ ಹಾಡು ಯಾವುದು ಬೇಕು ಎಂದು ನನ್ನನ್ನೇ ಕೇಳಿದರು. ಹತ್ತು ರೂಪಾಯಿ ಹಾಕಿದವಳಿಗೆ ಒಂದು ಹಾಡು ಬರಬೇಕಲ್ಲವೇ?

ಮೂರನೆಯ ಸಲ ಕಚೇರಿಗೆ ಹೋದಾಗ ನಾನು ಬೆಂಚಿನ ಮೇಲೆ ಕೂತೆ. ಕಾಗದಗಳನ್ನು ಯಾವುದು ಮೇಲೆ, ಯಾವುದು ಕೆಳಗೆ ಎಂದು ತಾತನ ಕೈ ಹಿಡಿದು ಮೊದಲೇ ತೋರಿಸಿದ್ದೆ. ಅವರು ಕೌಂಟರಿಗೆ ಹೋಗಿ ಅರ್ಧ ತಮಿಳು ಅರ್ಧ ಕನ್ನಡದಲ್ಲಿ, ಎಂದು ಕೆಲಸಕ್ಕೆ ಸೇರಿದೆ, ಎಷ್ಟು ಆಳದಲ್ಲಿ ಕೊರೆದೆ, ಬೆರಳು ಹೇಗೆ ಸವೆಯಿತು ಎಂದೆಲ್ಲ ವಿವರವಾಗಿ ಹೇಳಿದರು. ವೈದ್ಯರ ಪ್ರಮಾಣಪತ್ರ ಮುಂದಿಟ್ಟು, ಬೆರಳೂ ಕಣ್ಣೂ ಬೇಡದ ಬೇರೆ ವಿಧಾನದಲ್ಲಿ ಗುರುತು ಒಪ್ಪಿಕೊಳ್ಳಿ ಎಂದು ಕೇಳಿದರು. ಸಾಲಿನಲ್ಲಿದ್ದವರು ಗೊಣಗಲಿಲ್ಲ, ಕೇಳುತ್ತಾ ನಿಂತರು. ಕೌಂಟರಿನವರು ಎದ್ದು ಒಳಗೆ ಹೋಗಿ ಕೇಳಿಕೊಂಡು ಬಂದರು.

ನಾಲ್ಕನೆಯ ಸಲಕ್ಕೆ ಕೆಲಸವಾಯಿತು. ನಿಂತಿದ್ದ ಐದು ತಿಂಗಳಲ್ಲಿ ಮೂರು ತಿಂಗಳ ಹಣ ಬಂದಿದೆ, ಎರಡು ತಿಂಗಳದ್ದು ಬಾಕಿ. ಮುಂದಿನ ವಾರ ಮತ್ತೆ ಹೋಗಬೇಕು. ಈ ಸಲ ಪಕ್ಕದ ಲೈನಿನ ಪಾಟಿಯೂ ನಮ್ಮ ಜೊತೆ ಬರುತ್ತಾರೆ. ಅವರ ಸೊಂಟ ಮುರಿದಿದೆ, ಪಿಂಚಣಿಗೆ ಇನ್ನೂ ಅರ್ಜಿಯೇ ಹಾಕಿಲ್ಲ, ಮಾತನಾಡಲು ಹೆದರುತ್ತಾರೆ. ಅವರ ಪರವಾಗಿ ತಾನೇ ಮಾತನಾಡುತ್ತೇನೆ, ನೀನು ಬರೆದುಕೊಟ್ಟರೆ ಸಾಕು ಎಂದು ತಾತ ಹೇಳಿದ್ದಾರೆ.